ರೆಕ್ಕೆ ಬಿಟ್ಟ ಗಾಳಿ: ಗಾಳಿಯಂತ್ರದ ಗಣಕ ಲೆಕ್ಕಕ್ಕೆ ಸಿಕ್ಕ ಒರೆಗಲ್ಲು

ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಕೇಂದ್ರದಲ್ಲಿರುವ ಗಾಳಿಸುರಂಗದ ಒಳ ಅಳತೆ 24.4 ಮೀಟರ್ ಎತ್ತರ, 36.6 ಮೀಟರ್ ಅಗಲ. 2000ರಲ್ಲಿ ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯ ಅದರೊಳಗೆ ಎರಡು ರೆಕ್ಕೆಗಳ ಗಾಳಿಯಂತ್ರವೊಂದನ್ನು ನಿಲ್ಲಿಸಿತು. ಯಂತ್ರದ ವ್ಯಾಸ ಸುಮಾರು 10 ಮೀಟರ್, ವೇಗ ನಿಮಿಷಕ್ಕೆ 72 ಸುತ್ತು. ರೆಕ್ಕೆಯುದ್ದಕ್ಕೂ ಐದು ಕಡೆ, ಒಂದೊಂದು ಕಡೆಯೂ 22 ಸಣ್ಣ ರಂಧ್ರಗಳು ಗಾಳಿಯ ಒತ್ತಡವನ್ನು ಅಳೆದವು. ಬಯಲಿನ ಗಾಳಿಗೆ ಇರುವ ಚಂಚಲತೆ ಇಲ್ಲಿ ಇರಲಿಲ್ಲ. ಲೆಕ್ಕ ತಪ್ಪಿದರೆ ಗಾಳಿಯನ್ನು ದೂರುವಂತಿರಲಿಲ್ಲ.

ಅಳತೆ ಮುಗಿದರೂ ಫಲಿತಾಂಶವನ್ನು ಬಹಿರಂಗಪಡಿಸಲಿಲ್ಲ. ಯಂತ್ರದ ಆಕಾರ, ಗಾಳಿಯ ವೇಗ ಇಷ್ಟನ್ನೇ ಕೊಟ್ಟು, ಉತ್ತರ ಹೇಳಿ ಎಂದು ಹಲವು ದೇಶಗಳ ತಜ್ಞರನ್ನು ಕೇಳಲಾಯಿತು. ಉತ್ತರಗಳನ್ನು ಹೋಲಿಸಿದಾಗ ಕಂಡದ್ದು ಮುಜುಗರದ ಚಿತ್ರ. ಗಾಳಿ ನೇರವಾಗಿ ಬೀಸಿ ರೆಕ್ಕೆಗೆ ಅಂಟಿಕೊಂಡೇ ಹರಿಯುವ ಸುಲಭದ ಸ್ಥಿತಿಯಲ್ಲೂ ಊಹಿಸಿದ ಶಕ್ತಿ ಅಳತೆಯ ಶೇ. 25ರಿಂದ 175ರವರೆಗೆ ಚದುರಿತ್ತು. ಗಾಳಿ ರೆಕ್ಕೆಯನ್ನು ಬಿಟ್ಟು ಸಿಡಿಯುವ ಸ್ಟಾಲ್ ಸ್ಥಿತಿಯಲ್ಲಿ ಈ ಹರವು ಶೇ. 30ರಿಂದ 275ರವರೆಗೆ ಹಿಗ್ಗಿತು.

ವಿಚಿತ್ರವೆಂದರೆ, ರೆಕ್ಕೆಯನ್ನು ಬಾಗಿಸುವ ಬಲದ ಲೆಕ್ಕ ಇಷ್ಟು ಕೆಟ್ಟಿರಲಿಲ್ಲ. ಕಾರಣ ಸರಳ. ಗಾಳಿ ರೆಕ್ಕೆಯ ಮೇಲೆ ಹೇರುವ ಬಲದ ದೊಡ್ಡ ಪಾಲು ಅದನ್ನು ಹಿಂದಕ್ಕೆ ಬಾಗಿಸುತ್ತದೆ. ತಿರುಗಿಸುವುದು ಸಣ್ಣ ಪಾಲು ಮಾತ್ರ. ಗಾಳಿ ಬಂದು ತಾಗುವ ಕೋನ ಕೊಂಚ ತಪ್ಪಿದರೂ ಆ ಸಣ್ಣ ಪಾಲು ಏರುಪೇರಾಗುತ್ತದೆ, ಶಕ್ತಿಯ ಲೆಕ್ಕ ಅದರ ಜೊತೆಗೇ ಹೋಗುತ್ತದೆ.

ಹೆಚ್ಚಿನವರು ನಂಬಿದ್ದ ವಿಧಾನ ವಿಜ್ಞಾನಿ ಗ್ಲಾವರ್ಟ್ 1930ರ ದಶಕದಲ್ಲಿ ರೂಪಿಸಿದ ಹಾದಿಯದು. ಅದು ರೆಕ್ಕೆಯನ್ನು ತುಂಡುತುಂಡಾಗಿ ನೋಡಿ, ನಿಂತ ರೆಕ್ಕೆಯ ಪರೀಕ್ಷೆಯಲ್ಲಿ ಸಿಕ್ಕ ಕೋಷ್ಟಕದಿಂದ ಪ್ರತಿ ತುಂಡಿನ ಬಲವನ್ನು ಎತ್ತಿಕೊಳ್ಳುತ್ತದೆ. ತಿರುಗುವ ರೆಕ್ಕೆಯಾದರೋ ಬುಡದ ಬಳಿಯ ನಿಧಾನದ ಗಾಳಿಯನ್ನು ತುದಿಯತ್ತ ತಳ್ಳುತ್ತದೆ. ಇದರಿಂದ ಬುಡದ ಬಳಿ ಸ್ಟಾಲ್ ತಡವಾಗಿ, ಕೋಷ್ಟಕ ಹೇಳುವುದಕ್ಕಿಂತ ಹೆಚ್ಚು ಬಲ ಹುಟ್ಟುತ್ತದೆ. ಪ್ರೊಪೆಲರ್‌ಗಳಲ್ಲಿ ಹಿಮೆಲ್ಸ್‌ಕಾಂಪ್ ಇದನ್ನು 1940ರ ದಶಕದಲ್ಲೇ ಗುರುತಿಸಿದ್ದ.

ಡೆನ್ಮಾರ್ಕಿನ ರಿಸೋ ಪ್ರಯೋಗಾಲಯದವರು ಕೋಷ್ಟಕದ ಹಂಗು ತೊರೆದರು. ರೆಕ್ಕೆಯ ಸುತ್ತಲಿನ ಜಾಗವನ್ನು ಲಕ್ಷಾಂತರ ಕೋಶಗಳಾಗಿ ಸೀಳಿ, ಪ್ರತಿ ಕೋಶದಲ್ಲೂ ನೇವಿಯರ್–ಸ್ಟೋಕ್ಸ್ ಸಮೀಕರಣಗಳನ್ನು ಗಣಕದಿಂದ ಬಿಡಿಸಿದರು. 2002ರಲ್ಲಿ ಪ್ರಕಟವಾದ ಅವರ ಲೆಕ್ಕ ಅಳತೆಗೆ ಗಮನಾರ್ಹವಾಗಿ ಹತ್ತಿರವಿತ್ತು. ಹಾಗೆಂದು ಎಲ್ಲವೂ ಬಗೆಹರಿಯಲಿಲ್ಲ. ಇದೇ ಯಂತ್ರವನ್ನು ಮುಂದೆ ಲೆಕ್ಕ ಹಾಕಿದ ಅನೇಕರನ್ನು ಸತಾಯಿಸಿದ್ದು ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ. ಆ ವೇಗದಲ್ಲಿ ಸ್ಟಾಲ್ ಆಗಷ್ಟೇ ತಲೆಯೆತ್ತುತ್ತದೆ. ಗಾಳಿ ಎಲ್ಲಿ ಅಂಟಿದೆ, ಎಲ್ಲಿ ಬಿಟ್ಟಿದೆ ಎಂಬ ಗೆರೆ, ಲೆಕ್ಕದಲ್ಲಿ ಬಳಸುವ ಪ್ರಕ್ಷುಬ್ಧತೆಯ ಮಾದರಿಯನ್ನು ಅವಲಂಬಿಸಿ ಜರುಗುತ್ತದೆ. ಪ್ರತಿ ಸುಳಿಯನ್ನೂ ಲೆಕ್ಕಕ್ಕೆ ತರುವುದು ದುಬಾರಿಯಾದ್ದರಿಂದ ಇಂಥ ಮಾದರಿ ಅನಿವಾರ್ಯ.

ಹೀಗಾಗಿ ಒಟ್ಟು ಶಕ್ತಿಯ ರೇಖೆಯೊಂದನ್ನೇ ತೋರಿಸಿ ಗೆದ್ದೆವೆನ್ನುವ ಪ್ರಬಂಧಗಳನ್ನು ಅನುಮಾನದಿಂದಲೇ ಓದಬೇಕು. ಬುಡದಲ್ಲಿ ಕಡಿಮೆ, ತುದಿಯಲ್ಲಿ ಹೆಚ್ಚು ಎಂದು ಎರಡು ತಪ್ಪುಗಳು ಸೇರಿ ಮೊತ್ತ ಸರಿಯಾಗಿಬಿಡಬಹುದು. ಐದು ಕಡೆಗಳ ಒತ್ತಡವೂ ತಾಳೆಯಾಗುತ್ತದೆಯೇ ಎಂಬುದು ನಿಜವಾದ ಪರೀಕ್ಷೆ. 2006ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ‘ಮೆಕ್ಸಿಕೋ’ ಎಂಬ ಹೆಸರಿನ ಪ್ರಯೋಗ ಈ ಪಟ್ಟನ್ನು ಇನ್ನೂ ಬಿಗಿಮಾಡಿತು: 4.5 ಮೀಟರ್ ವ್ಯಾಸದ ಮೂರು ರೆಕ್ಕೆಗಳ ಯಂತ್ರದ ಮೇಲಿನ ಒತ್ತಡದ ಜೊತೆಗೆ ಸುತ್ತಲಿನ ಗಾಳಿಯ ವೇಗವನ್ನೂ ಲೇಸರ್ ಬೆಳಕಿನಲ್ಲಿ ಕಣಗಳ ಚಿತ್ರ ತೆಗೆದು ಅಳೆದರು. ಅಲ್ಲಿಂದಾಚೆಗೆ ಗಣಕದ ಲೆಕ್ಕ ಇವೆರಡಕ್ಕೂ ಒಮ್ಮೆಗೇ ಉತ್ತರ ಕೊಡಬೇಕಾಯಿತು.