ನಂದಗುಡಿಯ ರೈತನೂ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯೂ

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆಯುವವರು ಪ್ರಜಾಪ್ರತಿನಿಧಿ ಸಭೆಯ ಸ್ಥಾಪನೆಯನ್ನು ಹೆಮ್ಮೆಯಿಂದ ಸ್ಮರಿಸುವುದು ವಾಡಿಕೆ. ಆ ಹೆಮ್ಮೆಯು ನಿರಾಧಾರವಾದುದಲ್ಲ. ಆದರೆ ಪ್ರಜೆಗಳ ಸಭೆಯೊಂದು ಸೇರುವುದು ಬೇರೆ, ಸರ್ಕಾರವು ಆ ಸಭೆಯ ಮಾತಿಗೆ ಕಟ್ಟುಬೀಳುವುದು ಬೇರೆ. ಇವೆರಡರ ಅಂತರವನ್ನು ಅರಿಯಬೇಕಾದರೆ ಅರಮನೆಯ ಕಡೆಯಿಂದ ನೋಡದೆ, ಹೊಸಕೋಟೆ ತಾಲ್ಲೂಕಿನ ನಂದಗುಡಿಯಂತಹ ಹೋಬಳಿ ಗ್ರಾಮದ ಕಡೆಯಿಂದ ನೋಡುವುದು ಲೇಸು.

ಕ್ರಿ.ಶ. ೧೮೮೧ನೆಯ ಮಾರ್ಚಿ ೨೫ರಂದು, ಐವತ್ತು ವರ್ಷಗಳ ಕಾಲ ಬ್ರಿಟಿಷರ ಕೈಯಲ್ಲಿದ್ದ ರಾಜ್ಯಭಾರವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಅದೇ ವರ್ಷದ ಅಕ್ಟೋಬರ್ ೭ರಂದು, ದಸರೆಯ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ೧೪೪ ಮಂದಿ ಪ್ರತಿನಿಧಿಗಳ ಸಭೆಯನ್ನು ನಡೆಸಿದರು. ಇದು ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿಗಿಂತ ನಾಲ್ಕು ವರ್ಷ ಹಿರಿದು; ೧೮೯೦ರಲ್ಲಿ ಮೊದಲು ಸೇರಿದ ಜಪಾನಿನ ಪಾರ್ಲಿಮೆಂಟಿಗಿಂತ ಒಂಬತ್ತು ವರ್ಷ ಹಿರಿದು. ಆದರೆ ಜಪಾನಿನ ಸಭೆಗೆ ಶಾಸನಮಾಡುವ ಅಧಿಕಾರವಿತ್ತು. ಮೈಸೂರಿನ ಸಭೆಗೆ ಇದ್ದುದು ದಿವಾನರ ವರದಿಯನ್ನು ಕೇಳಿ, ತನ್ನ ಅಹವಾಲನ್ನು ಹೇಳಿಕೊಳ್ಳುವ ಅವಕಾಶ ಮಾತ್ರ.

ಆ ಅಹವಾಲನ್ನು ಒಯ್ಯುವವರು ಯಾರು? ಮೊದಲು ತಾಲ್ಲೂಕಿನಿಂದ ಒಬ್ಬಿಬ್ಬರು ಭೂಮಾಲೀಕರನ್ನು ಸ್ಥಳೀಯ ನಿಧಿಯ ಮಂಡಲಿಗಳು ಆರಿಸಿ ಕಳುಹಿಸುತ್ತಿದ್ದವು. ೧೮೯೧ರಲ್ಲಿ ಚುನಾವಣೆ ಬಂದಿತಾದರೂ ಮತಾಧಿಕಾರವು ಮುಖ್ಯವಾಗಿ ಆಸ್ತಿಯನ್ನೂ ಸಲ್ಲಿಸುವ ಕಂದಾಯವನ್ನೂ ಅವಲಂಬಿಸಿತ್ತು. ಮಳೆಯನ್ನೂ ಕೆರೆಯನ್ನೂ ನಂಬಿ ರಾಗಿ ಬೆಳೆಯುವ ಈ ಸೀಮೆಯಲ್ಲಿ ಸಣ್ಣ ಹಿಡುವಳಿಯ ರೈತನೂ ಭೂಮಿಯಿಲ್ಲದ ಕೂಲಿಯವನೂ ಆ ಎಣಿಕೆಯ ಹೊರಗುಳಿದರು. ಕೆರೆಯ ಏರಿ ಒಡೆದರೆ ಮೊದಲು ಹಸಿಯುವವರು ಅವರೇ. ಏರಿಯನ್ನು ಕಟ್ಟಿಸಿರೆಂದು ಸಭೆಯಲ್ಲಿ ಕೇಳತಕ್ಕವರು ಮಾತ್ರ ಬೇರೆಯವರು.

೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. ಬ್ರಜೇಂದ್ರನಾಥ ಸೀಲರ ಸಮಿತಿಯ ಸಲಹೆಗಳನ್ನನುಸರಿಸಿ ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರವು ದೊರೆಯಿತು. ಹೊಸ ತೆರಿಗೆಗಳನ್ನು ವಿಧಿಸುವ ಮೊದಲು ಅದರ ಅಭಿಪ್ರಾಯವನ್ನು ಕೇಳುವ ಕ್ರಮವೂ ಏರ್ಪಟ್ಟಿತು. ಇವು ಅಲ್ಪವಾದ ಲಾಭಗಳಲ್ಲ. ಆದರೂ ದಿವಾನರು ಮಹಾರಾಜರಿಗೆ ಹೊಣೆಯಾಗಿದ್ದರೇ ಹೊರತು ಸಭೆಗಲ್ಲ. ಸಭೆಯ ಅವಿಶ್ವಾಸದಿಂದ ಯಾವ ದಿವಾನರೂ ಪದವಿಯನ್ನು ಬಿಡಬೇಕಾಗಿರಲಿಲ್ಲ.

ಈ ಕೊರತೆಯು ಕೇವಲ ಮೇಲಿನವರ ಔದಾರ್ಯದಿಂದ ತುಂಬಿತೆಂದು ಹೇಳಲಾಗದು. ನೆರೆಯ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ನೆರೆದಿದ್ದ ಜನರ ಮೇಲೆ ಗುಂಡು ಹಾರಿತು. ಐವತ್ತೇಳು ವರ್ಷಗಳಿಂದ ಪ್ರತಿನಿಧಿಗಳ ಸಭೆ ನಡೆಯುತ್ತಿದ್ದ ರಾಜ್ಯದಲ್ಲಿಯೇ ಇದು ಸಂಭವಿಸಿತೆಂಬುದನ್ನು ಚರಿತ್ರಕಾರನು ಮರೆಯಲಾಗದು. ೧೯೪೭ರ ಚಳವಳಿಯ ಬಳಿಕ, ಅಕ್ಟೋಬರ್ ತಿಂಗಳಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಹಳೆಯ ಸಭೆಯು ೧೯೪೯ರಲ್ಲಿ ವಿಸರ್ಜಿತವಾಯಿತು. ೧೯೫೧-೫೨ರ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರೂ, ಕಂದಾಯದ ರಶೀತಿಯ ಹಂಗಿಲ್ಲದೆ, ಮತದಾರರಾದರು.

ಹಾಗಾದರೆ ಹಳೆಯ ಸಭೆಯು ನಿಷ್ಫಲವೇ? ಅಲ್ಲ. ಸರ್ಕಾರವನ್ನು ಬಹಿರಂಗವಾಗಿ ಪ್ರಶ್ನಿಸಬಹುದೆಂಬ ಅಭ್ಯಾಸವನ್ನು ಅದು ಈ ನಾಡಿನಲ್ಲಿ ಬೆಳೆಸಿತು. ಆದರೆ ಆ ಪ್ರಶ್ನೆಯು ಹಕ್ಕಾದುದು, ಉತ್ತರ ಕೊಡದವರನ್ನು ಬದಲಾಯಿಸುವ ಶಕ್ತಿಯು ನಂದಗುಡಿಯ ಕೂಲಿಯವನಿಗೂ ದೊರೆತಾಗಲೇ. ಪಾರ್ಲಿಮೆಂಟರಿ ಪದ್ಧತಿಯ ವಯಸ್ಸನ್ನು ಮೊದಲ ಸಭೆಯ ದಿನದಿಂದ ಎಣಿಸುವ ವಿದ್ವಾಂಸರು ಈ ಎರಡನೆಯ ದಿನವನ್ನೂ ಗಣನೆಗೆ ತಂದುಕೊಳ್ಳುವುದು ಯುಕ್ತವಾಗಿದೆ.