ಒಂದೇ ಡಿಶ್, ಹತ್ತಾರು ಆಫೀಸು

ಮೀಟಿಂಗ್ ಮಧ್ಯೆ ವಿಡಿಯೊ ನಿಂತರೆ 'ಯಾರಪ್ಪಾ ಡೌನ್‌ಲೋಡ್ ಹಾಕಿದ್ದು?' ಅಂತ ಕೂಗ್ತೀವಲ್ಲ, ಆ ಪ್ರಶ್ನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದಷ್ಟೇ ವಯಸ್ಸಾಗಿದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ತನ್ನ ಕೆಲಸಕ್ಕೇ ಅಂತ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಡಿಶ್ ಸಾಮಾನು ಎತ್ತಿನ ಗಾಡಿಯಲ್ಲಿ ಬಂದ ಕತೆಯನ್ನು ಐಟಿ ಮಂದಿ ಇವತ್ತಿಗೂ ಹೇಳ್ತಾರೆ. ದೊಡ್ಡ ಕಂಪನಿಗೆ ಅದು ಸರಿ. ಹತ್ತು ಜನರ ಸಣ್ಣ ಕಂಪನಿ ಏನು ಮಾಡಬೇಕಿತ್ತು? ಪ್ರೋಗ್ರಾಮನ್ನು ಟೇಪಿನಲ್ಲಿ ತುಂಬಿ ವಿಮಾನದಲ್ಲಿ ಕಳಿಸಬೇಕು, ಇಲ್ಲಾಂದ್ರೆ ಪ್ರೋಗ್ರಾಮರನ್ನೇ ಅಮೆರಿಕಕ್ಕೆ ಹತ್ತಿಸಬೇಕು. ಎರಡನೆಯದೇ ಹೆಚ್ಚು ನಡೀತಿತ್ತು.

1991ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಎಸ್‌ಟಿಪಿಐ ಎಂಬ ಸಂಸ್ಥೆ ಕಟ್ಟಿತು. ಅದರ ಭೂಕೇಂದ್ರ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ. ಅಲ್ಲಿಂದ ಊರೊಳಗಿನ ಆಫೀಸುಗಳ ತಾರಸಿಗೆ ಮೈಕ್ರೋವೇವ್ ರೇಡಿಯೊ. ರಸ್ತೆ ಅಗೆದು ಕೇಬಲ್ ಎಳೆಯೋ ರಗಳೆ ಇಲ್ಲ. ಡಿಶ್ ಖರ್ಚು ಎಲ್ಲರ ನಡುವೆ ಹಂಚಿಹೋಯಿತು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ಕ್ಕೆ, ಅಂದರೆ ಇದಾದ ಮೇಲೆ.

ಆಗ ಒಂದು ಕಂಪನಿ 64 ಕೆಬಿಪಿಎಸ್ ತಗೊಂಡರೆ ಅದೇ ದೊಡ್ಡದು. ಸೆಕೆಂಡಿಗೆ 8 ಕಿಲೋಬೈಟ್! ಇವತ್ತಿನ 5 ಎಂಬಿಯ ಒಂದು ಫೋಟೊಗೆ ಹತ್ತು ನಿಮಿಷಕ್ಕೂ ಮೇಲೆ ಬೇಕು. ಸಾಲದ್ದಕ್ಕೆ ಉಪಗ್ರಹ ಇರೋದು 36,000 ಕಿ.ಮೀ. ಎತ್ತರದಲ್ಲಿ. ಇಲ್ಲಿ ಒತ್ತಿದ ಅಕ್ಷರ ಅಮೆರಿಕದ ಕಂಪ್ಯೂಟರ್ ಮುಟ್ಟಿ ವಾಪಸ್ ಪರದೆ ಮೇಲೆ ಮೂಡೋಕೆ ಅರ್ಧ ಸೆಕೆಂಡು.

ಇಷ್ಟು ಕಡಿಮೆ ಇರೋದನ್ನ ಹಂಚೋದು ಹೇಗೆ? ನಮ್ಮ ಕೆರೆ ಬಯಲಿನ ರೈತರಿಗೆ ಇದು ಹೊಸ ಲೆಕ್ಕವೇನಲ್ಲ. ತೂಬು ಎತ್ತೋದು ನೀರುಗಂಟಿ, ಗದ್ದೆಯವನಲ್ಲ. ಸರದಿ ಬಂದಾಗ ನಿಮ್ಮ ಪಾಲು ನಿಮಗೆ. ಟೈಮ್ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಅನ್ನೋ ಉದ್ದ ಹೆಸರಿನ ವಿಧಾನವೂ ಇಷ್ಟೇ: ಸೆಕೆಂಡನ್ನು ಚೂರು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಚೂರು. ತೊಂದರೆ ಏನಂದ್ರೆ, ನೀವು ಊಟಕ್ಕೆ ಹೋಗಿದ್ದರೂ ನಿಮ್ಮ ಚೂರು ನಿಮ್ಮ ಹೆಸರಲ್ಲೇ ಖಾಲಿ ಹೋಗುತ್ತೆ. ಪಕ್ಕದವನ ಡೆಡ್‌ಲೈನ್ ಮಾತ್ರ ಒಣಗ್ತಿರುತ್ತೆ. ಇಂಟರ್ನೆಟ್‌ನ ಪ್ಯಾಕೆಟ್ ಪದ್ಧತಿ ಇದಕ್ಕೆ ಉಲ್ಟಾ. ಖಾಲಿ ಇದ್ದರೆ ಯಾರು ಬೇಕಾದರೂ ಬಳಸಬಹುದು, ಆದರೆ ಎಲ್ಲರೂ ಒಟ್ಟಿಗೆ ಬಂದರೆ ಯಾರಿಗೂ ಸಾಲಲ್ಲ. ಅದಕ್ಕೇ ಆಮೇಲಿನ ರೌಟರುಗಳಲ್ಲಿ ಎರಡನ್ನೂ ಬೆರೆಸಿದರು: ಪ್ರತಿ ಆಫೀಸಿಗೂ ಇಷ್ಟು ಖಚಿತ, ಮಿಕ್ಕಿದ್ದರೆ ಸಾಲ ತಗೊಳ್ಳಿ, ಮೇಲೊಂದು ಮಿತಿ.

ಮಿತಿ ಅಂದ್ರೆ ನಮಗೆ ಮೈ ಉರಿಯುತ್ತೆ. ನನಗನಿಸೋದು, ಅಂದಿನ ಸಣ್ಣ ಕಂಪನಿಗಳನ್ನು ಕಾಪಾಡಿದ್ದೇ ಆ ಮಿತಿ. ದುಡ್ಡಿದ್ದವರು ತೂಬಿಗೇ ಕೈ ಹಾಕಿದ್ದರೆ ಉಳಿದವರು ಮತ್ತೆ ಟೇಪು ಹಿಡಿದು ಏರ್‌ಪೋರ್ಟಿಗೆ ಓಡಬೇಕಿತ್ತು.

ಸಮುದ್ರದಡಿಯ ಫೈಬರ್ ಬಂದ ಮೇಲೆ ಡಿಶ್‌ಗಳ ದರ್ಬಾರು ಮುಗೀತು. ಹಂಚಿಕೆ ಮುಗೀಲಿಲ್ಲ. ಒಂದೇ ಕಟ್ಟಡದ ನಾಲ್ಕು ಮಹಡಿಗೆ ಈಗಲೂ ಒಂದೇ ಲೈನು. ಬಾಡಿಗೆ ಪತ್ರದಲ್ಲಿ '100 ಎಂಬಿಪಿಎಸ್ ವರೆಗೆ' ಅಂತ ಇರುತ್ತೆ. ಎಷ್ಟು ಆಫೀಸಿಗೆ ಸೇರಿ ಅಂತ ಇರೋದಿಲ್ಲ.