ಕರಡಿ ಚರ್ಮದ ಟೋಪಿಯೊಳಗಿನ ಇತಿಹಾಸ

ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕಾವಲು ಪಡೆ ಬದಲಾಗುವ ಹೊತ್ತಿಗೆ ಪ್ರವಾಸಿಗರ ದಂಡೇ ನೆರೆದಿರುತ್ತದೆ. ಕೆಂಪು ಅಂಗಿ ತೊಟ್ಟು, ಬಂದೂಕು ಹಿಡಿದು, ಬೊಂಬೆಯಂತೆ ನಿಂತ ಸೈನಿಕನನ್ನು ನೋಡುವುದೇ ಅವರಿಗೊಂದು ಸಂಭ್ರಮ. ಆ ಸೈನಿಕನ ಗುರುತು ಎಂದರೆ ಆತನ ಟೋಪಿ. ಸುಮಾರು 18 ಅಂಗುಲ ಎತ್ತರದ, ಹುಬ್ಬನ್ನೂ ಮುಚ್ಚುವ ಈ ಕಪ್ಪು ಟೋಪಿ ಅಂಚೆ ಕಾರ್ಡುಗಳಿಂದ ಹಿಡಿದು ಮಕ್ಕಳ ಆಟಿಕೆಗಳವರೆಗೆ ಬ್ರಿಟನ್ನಿನ ಸಂಕೇತವೇ ಆಗಿಬಿಟ್ಟಿದೆ.

ಅದು ಕೆನಡಾದ ಕಾಡಿನಲ್ಲಿ ಬೇಟೆಗೆ ಬಲಿಯಾದ ಕಪ್ಪು ಕರಡಿಯ ಚರ್ಮ ಎಂಬುದು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಗೊತ್ತಿರುವವರು ಮಾತ್ರ ವರ್ಷಾನುವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದಾರೆ: ಮೆರವಣಿಗೆಯ ಶೋಭೆಗಾಗಿ ಒಂದು ಪ್ರಾಣಿ ಸಾಯಬೇಕೆ? ಸೇನೆಯ ಉತ್ತರವೂ ಹೆಚ್ಚು ಬದಲಾಗಿಲ್ಲ: ಇದಕ್ಕೆ ಸರಿಸಾಟಿಯಾದ ಕೃತಕ ತುಪ್ಪಳ ಇನ್ನೂ ಸಿಕ್ಕಿಲ್ಲ. ಮೇಲ್ನೋಟಕ್ಕೆ ಇದು ಬಟ್ಟೆಬರೆಯ ತಕರಾರು. ಆದರೆ ಇದರೊಳಗೆ ಸಂಪ್ರದಾಯ ಎಂದರೆ ಯಾವುದು, ಅದರಲ್ಲಿ ಎಷ್ಟನ್ನು ಬದಲಿಸಬಹುದು ಎಂಬ ಹಳೆಯ ಪ್ರಶ್ನೆ ಅಡಗಿದೆ. ಅದು ಅರ್ಥವಾಗಬೇಕಾದರೆ ಟೋಪಿಯ ಹುಟ್ಟಿನಿಂದಲೇ ಹೊರಡಬೇಕು.

ಬಾಂಬೆಸೆಯುವವರ ಟೋಪಿ

17ನೆಯ ಶತಮಾನದ ಐರೋಪ್ಯ ಸೇನೆಗಳಲ್ಲಿ ಕೈಬಾಂಬು ಎಸೆಯಲೆಂದೇ ಎತ್ತರದ, ಗಟ್ಟಿಮುಟ್ಟಾದ ಆಳುಗಳನ್ನು ಆರಿಸುತ್ತಿದ್ದರು. ಕಾಳು ತುಂಬಿದ ದಾಳಿಂಬೆಯ ಹಾಗೆ ಮದ್ದು ತುಂಬಿದ ಆ ಗುಂಡಿಗೆ ದಾಳಿಂಬೆಯ ಫ್ರೆಂಚ್ ಹೆಸರಿನಿಂದಲೇ ‘ಗ್ರೆನೇಡ್’ ಎಂಬ ಹೆಸರು ಬಂತು. ಅದನ್ನು ಎಸೆಯುವವರು ‘ಗ್ರೆನೇಡಿಯರ್’ಗಳಾದರು. ಅಂದಿನ ಸೈನಿಕರು ಹಾಕಿಕೊಳ್ಳುತ್ತಿದ್ದ ಅಗಲ ಅಂಚಿನ ಹ್ಯಾಟು ಈ ಕೆಲಸಕ್ಕೆ ಅಡ್ಡಿಯಾಗಿತ್ತು. ಕೋವಿಯನ್ನು ಬೆನ್ನಿಗೆ ಏರಿಸುವಾಗ, ಕೈ ಬೀಸುವಾಗ ಅಂಚು ತಗಲುತ್ತಿತ್ತು. ಹಾಗಾಗಿ ಅವರಿಗೆ ಅಂಚಿಲ್ಲದ ಟೋಪಿ ಕೊಡಲಾಯಿತು.

ಬರಬರುತ್ತ ಆ ಟೋಪಿ ಎತ್ತರವಾಯಿತು. ಎತ್ತರದ ಆಳು ಇನ್ನಷ್ಟು ಎತ್ತರವಾಗಿ ಕಂಡರೆ ಎದುರಾಳಿಯ ಎದೆ ನಡುಗುತ್ತದೆ ಎಂಬುದು ಲೆಕ್ಕಾಚಾರ. ಮೊದಲು ಬಟ್ಟೆಯದಾಗಿದ್ದ ಟೋಪಿಗೆ 18ನೆಯ ಶತಮಾನದಲ್ಲಿ ತುಪ್ಪಳ ಸೇರಿತು. ಬ್ರಿಟಿಷ್ ಸೇನೆಯ ಗ್ರೆನೇಡಿಯರ್ ಕಂಪನಿಗಳಿಗೆ ಕರಡಿ ಚರ್ಮದ ಟೋಪಿಯನ್ನು 1768ರ ರಾಜಾಜ್ಞೆ ಗೊತ್ತುಪಡಿಸಿತು. ಅಂದರೆ ಕೆಲಸದ ಅನುಕೂಲಕ್ಕೆಂದು ಹುಟ್ಟಿದ ಟೋಪಿ ಹೆದರಿಸುವುದಕ್ಕೆಂದು ಬೆಳೆಯಿತು.

ಇಂದಿನ ಟೋಪಿಯ ಪ್ರತಿಷ್ಠೆಗೆ ಮೂಲ 1815ರ ಜೂನ್ 18ರ ವಾಟರ್ಲೂ ಯುದ್ಧ. ಅಂದಿನ ಸಂಜೆ ನೆಪೋಲಿಯನ್ ತನ್ನ ಕಟ್ಟಕಡೆಯ ಅಸ್ತ್ರವಾಗಿ ಚಕ್ರವರ್ತಿಯ ಖಾಸಾ ಪಡೆಯನ್ನು ಮುಂದೆ ಬಿಟ್ಟ. ಬ್ರಿಟನ್ನಿನ ಒಂದನೆಯ ಫುಟ್ ಗಾರ್ಡ್ಸ್ ಪಡೆ ಅದನ್ನು ಹಿಮ್ಮೆಟ್ಟಿಸಿತು. ಸೋಲನ್ನೇ ಕಾಣದವರು ಎಂದು ಹೆಸರಾಗಿದ್ದ ಫ್ರೆಂಚ್ ಗ್ರೆನೇಡಿಯರ್‌ಗಳನ್ನು ಮಣಿಸಿದ್ದಕ್ಕೆ ಬಹುಮಾನವಾಗಿ ಆ ರೆಜಿಮೆಂಟಿಗೆ ಗ್ರೆನೇಡಿಯರ್ ಎಂಬ ಹೆಸರೂ, ಇಡೀ ಪಡೆಗೆ ಕರಡಿ ಚರ್ಮದ ಟೋಪಿಯೂ ದೊರೆತವು. ಗೆದ್ದವರು ಸೋತವರ ಮುಡಿಯನ್ನು ತಾವು ಮುಡಿದಂತಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಆ ಸಂಜೆ ಈ ರೆಜಿಮೆಂಟಿಗೆ ಎದುರಾದವರು ಗ್ರೆನೇಡಿಯರ್‌ಗಳಲ್ಲ, ಅದೇ ಖಾಸಾ ಪಡೆಯ ‘ಶಾಸ್ಯೂರ್’ ಎಂಬ ಇನ್ನೊಂದು ವಿಭಾಗದವರು ಎಂದು ಇತಿಹಾಸಕಾರರು ನಂತರ ಗುರುತಿಸಿದ್ದಾರೆ. ಹೊಗೆ ತುಂಬಿದ ರಣರಂಗದಲ್ಲಿ ಆದ ಈ ತಪ್ಪು ಎಣಿಕೆಯ ಮೇಲೆ ಎರಡು ಶತಮಾನಗಳ ಸಂಪ್ರದಾಯ ನಿಂತಿದೆ. ಇದರಿಂದ ಆ ಸೈನಿಕರ ಸಾಹಸವೇನೂ ಕಡಿಮೆಯಾಗುವುದಿಲ್ಲ. ಆದರೆ ಸಂಪ್ರದಾಯದ ಬೇರು ನಾವು ತಿಳಿದಷ್ಟು ನೇರವಾಗಿರುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಕೋಲ್ಡ್‌ಸ್ಟ್ರೀಮ್ ಮತ್ತು ಸ್ಕಾಟ್ಸ್ ಗಾರ್ಡ್ಸ್ ಪಡೆಗಳಿಗೆ ಈ ಟೋಪಿ ಸಿಕ್ಕಿದ್ದು 1830ರ ದಶಕದ ಆರಂಭದಲ್ಲಿ. 1900ರಲ್ಲಿ ಹುಟ್ಟಿದ ಐರಿಷ್ ಗಾರ್ಡ್ಸ್, 1915ರಲ್ಲಿ ಹುಟ್ಟಿದ ವೆಲ್ಷ್ ಗಾರ್ಡ್ಸ್ ಪಡೆಗಳು ಅದನ್ನು ಅಣ್ಣಂದಿರಿಂದ ಬಳುವಳಿಯಾಗಿ ಪಡೆದವು. ಇಂದು ಈ ಐದು ರೆಜಿಮೆಂಟುಗಳನ್ನು ಟೋಪಿಯ ಪಕ್ಕದ ತುರಾಯಿ ನೋಡಿ ಗುರುತಿಸಬಹುದು. ಗ್ರೆನೇಡಿಯರ್‌ಗಳದು ಬಿಳಿ, ಕೋಲ್ಡ್‌ಸ್ಟ್ರೀಮ್‌ನವರದು ಕೆಂಪು, ಐರಿಷರದು ನೀಲಿ, ವೆಲ್ಷರದು ಬಿಳಿ-ಹಸಿರು. ಸ್ಕಾಟ್ಸ್ ಗಾರ್ಡ್ಸ್‌ಗೆ ತುರಾಯಿಯೇ ಇಲ್ಲ.

1854ರಲ್ಲಿ ಕ್ರಿಮಿಯಾ ಯುದ್ಧದ ಆಲ್ಮಾ ಕದನಕ್ಕೂ ಗಾರ್ಡ್ಸ್ ಈ ಟೋಪಿ ಧರಿಸಿಯೇ ಇಳಿದಿದ್ದರು. ದೂರದಿಂದ ಗುರಿಯಿಟ್ಟು ಹೊಡೆಯುವ ಬಂದೂಕುಗಳು ಬಂದ ಮೇಲೆ ಎತ್ತರವಾಗಿ ಕಾಣುವುದೇ ಅಪಾಯವಾಯಿತು. ಕೆಂಪಂಗಿಯ ಜಾಗಕ್ಕೆ ಖಾಕಿ ಬಂತು, ತುಪ್ಪಳದ ಜಾಗಕ್ಕೆ ಉಕ್ಕಿನ ಶಿರಸ್ತ್ರಾಣ ಬಂತು. ಟೋಪಿ ರಣರಂಗದಿಂದ ನಿವೃತ್ತಿಯಾಗಿ ಅರಮನೆಯ ಬಾಗಿಲಲ್ಲಿ ಉಳಿಯಿತು.

ಏಳು ಪೌಂಡಿನಿಂದ ಎರಡು ಸಾವಿರಕ್ಕೆ

ಟೋಪಿಗೆ ಬದಲಿ ಬೇಕೆಂಬ ಮಾತು ಪ್ರಾಣಿದಯೆಯವರಿಂದಲೇ ಶುರುವಾಯಿತು ಎಂದು ತಿಳಿದರೆ ತಪ್ಪಾದೀತು. ಕರಡಿ ಚರ್ಮದ ಅಭಾವದಿಂದಾಗಿ ಈ ಟೋಪಿಯನ್ನೇ ಕೈಬಿಡಬೇಕಾದೀತು ಎಂದು 1888ರಷ್ಟು ಹಿಂದೆಯೇ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ವರದಿ ಮಾಡಿತ್ತು. ಆಗ ಒಂದು ಟೋಪಿಯ ಬೆಲೆ 7 ಪೌಂಡ್ 5 ಶಿಲಿಂಗ್. 2022ರಲ್ಲಿ ಅದು 1,560 ಪೌಂಡ್ ಆಗಿತ್ತು. ಮರುವರ್ಷವೇ 2,040 ಪೌಂಡಿಗೆ ಏರಿತು. ಹತ್ತು ವರ್ಷಗಳಲ್ಲಿ ಈ ಟೋಪಿಗಳಿಗಾಗಿ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಖರ್ಚಾಗಿದೆ ಎಂಬ ಲೆಕ್ಕ 2024ರಲ್ಲಿ ಹೊರಬಿದ್ದಾಗ ಅಲ್ಲಿನ ತೆರಿಗೆದಾರರೂ ಚರ್ಚೆಗೆ ಸೇರಿಕೊಂಡರು.

ಸರ್ಕಾರದ ಒಳಗಿನಿಂದಲೂ ಅಪಸ್ವರ ಕೇಳಿಬಂದದ್ದುಂಟು. ತಕ್ಕ ಬದಲಿ ಸಿಕ್ಕರೆ ಕರಡಿ ಚರ್ಮವನ್ನು ಆದಷ್ಟು ಬೇಗ ಕೈಬಿಡಬೇಕು ಎಂಬ ಇಂಗಿತವನ್ನು ರಕ್ಷಣಾ ಖಾತೆಯ ಸಚಿವ ಲಾರ್ಡ್ ಗಿಲ್ಬರ್ಟ್ 1997ರಲ್ಲೇ ವ್ಯಕ್ತಪಡಿಸಿದ್ದರು. 2005ರಲ್ಲಿ ಲೇಬರ್ ಪಕ್ಷದ ಸಂಸದ ಕ್ರಿಸ್ ಮಲಿನ್, ಈ ಟೋಪಿಗೆ ಸೈನಿಕ ಮಹತ್ವವೇನೂ ಇಲ್ಲ, ಅನಗತ್ಯ ಕ್ರೌರ್ಯವಷ್ಟೇ ಇದೆ ಎಂದು ವಾದಿಸಿದರು. ಅದೇ ವರ್ಷ ಕೃತಕ ತುಪ್ಪಳದ ಪರೀಕ್ಷೆಯೂ ಆರಂಭವಾಯಿತು. ಫಲ ಮಾತ್ರ ಸೇನೆಗೆ ಒಪ್ಪಿಗೆಯಾಗಲಿಲ್ಲ.

ಮುಂದೆ ಪ್ರಾಣಿಹಕ್ಕು ಸಂಘಟನೆ ‘ಪೆಟಾ’ ಕೃತಕ ತುಪ್ಪಳ ತಯಾರಿಸುವ ‘ಇಕೋಪೆಲ್’ ಕಂಪನಿಯ ಜೊತೆಗೂಡಿ ಹೊಸ ಬಟ್ಟೆಯೊಂದನ್ನು ಮುಂದಿಟ್ಟಿತು. 2030ರವರೆಗೆ ಬೇಕಾದಷ್ಟನ್ನು ಉಚಿತವಾಗಿ ಕೊಡುವುದಾಗಿ ಕಂಪನಿ ಹೇಳಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ ಮನವಿಯ ಮೇಲೆ 2022ರ ಜುಲೈ 11ರಂದು ಬ್ರಿಟಿಷ್ ಸಂಸದರು ಚರ್ಚೆ ನಡೆಸಿದರು. ನೀರು ಹೀರುವಿಕೆ, ನೀರು ಒಳಗಿಳಿಯುವಿಕೆ, ತೋರಿಕೆ, ಒಣಗುವ ವೇಗ, ಒತ್ತಿದರೆ ಮತ್ತೆ ಆಕಾರಕ್ಕೆ ಬರುವ ಗುಣ, ಈ ಐದು ಪರೀಕ್ಷೆಗಳಲ್ಲಿ ಹೊಸ ತುಪ್ಪಳ ಒಂದರಲ್ಲಿ ಮಾತ್ರ ತೇರ್ಗಡೆಯಾಗಿದೆ ಎಂದು ರಕ್ಷಣಾ ಇಲಾಖೆ ಉತ್ತರಿಸಿತು. ಆ ತೀರ್ಮಾನವನ್ನು ಪೆಟಾ ಒಪ್ಪಲಿಲ್ಲ.

ಸೇನೆಯ ವಾದವನ್ನು ಬರೀ ಹಟ ಎಂದು ತಳ್ಳಿಹಾಕುವಂತಿಲ್ಲ. ಅರಮನೆಯ ಕಾವಲುಗಾರ ಮಳೆಯಲ್ಲೂ ನಿಲ್ಲಬೇಕು. ನೆನೆದು ಗಂಟುಕಟ್ಟುವ, ಆಕಾರ ಕೆಡುವ ಟೋಪಿ ಆತನ ತಲೆಯ ಮೇಲಿದ್ದರೆ ರೆಜಿಮೆಂಟಿಗೇ ಮುಜುಗರ. ನಿಜವಾದ ಚರ್ಮದ ಟೋಪಿಯನ್ನು ಜೋಪಾನ ಮಾಡಿದರೆ ದಶಕಗಟ್ಟಲೆ ಬಾಳುತ್ತದೆ. ಅದು ಒಬ್ಬ ಸೈನಿಕನಿಂದ ಮತ್ತೊಬ್ಬನ ತಲೆಗೆ ಹೋಗುತ್ತದೆ. ತನಗಿಂತ ಮೊದಲು ಇದನ್ನು ಧರಿಸಿದ್ದವನು ಯಾರೋ, ಯಾವ ಯುದ್ಧದಲ್ಲಿ ಮಡಿದನೋ ಎಂಬ ಭಾವನೆ ಹೊಸಬನಲ್ಲಿ ಹುಟ್ಟುವುದು ಸಹಜ. ರೆಜಿಮೆಂಟುಗಳು ಬದುಕುವುದೇ ಇಂಥ ನೆನಪುಗಳ ಮೇಲೆ.

ಕಾಡಿನಲ್ಲಿ ನಡೆಯುವುದು

ಇನ್ನೊಂದು ತುದಿಯಲ್ಲಿ ಕರಡಿಯ ಕಥೆಯಿದೆ. ಕೆನಡಾದ ಪ್ರಾಂತ್ಯಗಳು ಪರವಾನಗಿ ಕೊಟ್ಟು ನಡೆಸುವ ಬೇಟೆಯಿಂದಲೇ ಚರ್ಮ ಬರುತ್ತದೆ, ಬ್ರಿಟನ್ ಟೋಪಿ ಕೊಳ್ಳುವುದನ್ನು ನಿಲ್ಲಿಸಿದರೂ ಸಾಯುವ ಕರಡಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂಬುದು ಲಂಡನ್ನಿನ ಸಮಜಾಯಿಷಿ. ಕಪ್ಪು ಕರಡಿ ಅಳಿವಿನ ಅಂಚಿನಲ್ಲಿರುವ ಪ್ರಾಣಿಯಲ್ಲ ಎಂಬುದೂ ನಿಜ.

ಆದರೆ ಬೇಟೆಯ ರೀತಿ ಅನೇಕರಿಗೆ ಸಮಾಧಾನ ತಂದಿಲ್ಲ. ಹಲವು ಪ್ರಾಂತ್ಯಗಳಲ್ಲಿ ತಿಂಡಿಯ ಆಮಿಷ ಒಡ್ಡಿ ಕರಡಿಯನ್ನು ಬರಮಾಡಿಕೊಂಡು ಮರೆಯಲ್ಲಿ ಕುಳಿತು ಹೊಡೆಯಲು ಕಾನೂನಿನ ಅಡ್ಡಿಯಿಲ್ಲ. ಚಳಿಗಾಲದ ದೀರ್ಘ ನಿದ್ರೆ ಮುಗಿಸಿ ಹಸಿದು ಹೊರಬರುವ ವಸಂತದಲ್ಲಿ ಕರಡಿ ಸುಲಭವಾಗಿ ಆಮಿಷಕ್ಕೆ ಬೀಳುತ್ತದೆ. ಎಳೆ ಮರಿಗಳಿಗೆ ತಾಯಿಯ ಹಾಲೇ ಗತಿಯಾಗಿರುವ ಕಾಲವೂ ಅದೇ. ತಾಯಿ ಸತ್ತರೆ ಮರಿಗಳು ಉಪವಾಸ ಬೀಳುತ್ತವೆ. ಈ ಕಾರಣಕ್ಕೇ ಒಂಟಾರಿಯೊ ಪ್ರಾಂತ್ಯ 1999ರಲ್ಲಿ ವಸಂತದ ಬೇಟೆಯನ್ನು ನಿಲ್ಲಿಸಿತ್ತು. 2014ರಲ್ಲಿ ಪ್ರಾಯೋಗಿಕವಾಗಿ ಮತ್ತೆ ತೆರೆದು, 2021ರಲ್ಲಿ ಅದನ್ನು ಖಾಯಂ ಮಾಡಿತು. ಮರಿಗಳ ಜೊತೆಗಿರುವ ತಾಯಿಯನ್ನು ಕೊಲ್ಲುವುದು ಅಲ್ಲಿ ಅಪರಾಧ. ಆದರೆ ಮರಿಗಳನ್ನು ಮರೆಯಲ್ಲಿ ಬಿಟ್ಟು ಬಂದ ತಾಯಿಯನ್ನು ದೂರದಿಂದ ಗುರುತಿಸುವುದು ಸುಲಭವಲ್ಲ.

ಬ್ರಿಟನ್ನಿನ ಕಾನೂನಿನಲ್ಲೂ ಒಂದು ಇಬ್ಬಗೆಯಿದೆ. ತುಪ್ಪಳಕ್ಕಾಗಿ ಪ್ರಾಣಿ ಸಾಕುವುದನ್ನು ಆ ದೇಶ 2000ದ ಕಾಯ್ದೆಯ ಮೂಲಕ ನಿಷೇಧಿಸಿತು. ತನ್ನ ನೆಲದಲ್ಲಿ ಬೇಡವೆಂದ ಉದ್ಯಮದ ಸರಕನ್ನು ಹೊರಗಿನಿಂದ ತರಿಸುವುದಕ್ಕೆ ಮಾತ್ರ ಆ ಕಾಯ್ದೆ ತಡೆ ಹಾಕಲಿಲ್ಲ. ಇತ್ತ ಅರಮನೆಯ ಒಳಗೇ ಗಾಳಿ ಬದಲಾಗಿದೆ. ರಾಣಿ ಎಲಿಜಬೆತ್ ಹೊಸ ಉಡುಪುಗಳಲ್ಲಿ ನಿಜವಾದ ತುಪ್ಪಳ ಬಳಸುವುದನ್ನು ಕೈಬಿಟ್ಟ ಸುದ್ದಿ 2019ರಲ್ಲಿ ಬಂತು. ಹೊಸದಾಗಿ ತುಪ್ಪಳದ ಉಡುಪು ಕೊಳ್ಳುವುದಿಲ್ಲ ಎಂದು ರಾಣಿ ಕ್ಯಾಮಿಲಾ 2024ರಲ್ಲಿ ತಿಳಿಸಿದರು. ಅರಮನೆಯ ಒಡತಿ ಬೇಡವೆಂದದ್ದು ಬಾಗಿಲು ಕಾಯುವವನ ತಲೆಯ ಮೇಲೆ ಉಳಿದುಕೊಂಡಿದೆ.

ಸೇನೆಯೂ ಎಲ್ಲದಕ್ಕೂ ಇಲ್ಲವೆಂದಿಲ್ಲ. ಸೇನಾ ಬ್ಯಾಂಡುಗಳ ಡೋಲು ಬಾರಿಸುವವರು ಎದೆಯ ಮೇಲೆ ಚಿರತೆಯ ಚರ್ಮ ಧರಿಸುವುದು ಹಳೆಯ ಪದ್ಧತಿ. ಚಿರತೆ ಚರ್ಮದ ಜಾಗದಲ್ಲೂ, ಕೆಲವು ಟೋಪಿಗಳ ಬೀವರ್ ತುಪ್ಪಳದ ಜಾಗದಲ್ಲೂ ಬ್ರಿಟಿಷ್ ಸೇನೆ ಕೃತಕ ವಸ್ತುವನ್ನು ತಂದು ಎಷ್ಟೋ ವರ್ಷಗಳಾದವು. ಡೋಲಿನ ಸದ್ದು ಅದರಿಂದೇನೂ ತಗ್ಗಲಿಲ್ಲ. ಹಾಗೆಂದು ಬದಲಾವಣೆ ಎಲ್ಲೆಡೆ ಒಂದೇ ದಿಕ್ಕಿಗೆ ಸಾಗಿದೆ ಎನ್ನುವಂತಿಲ್ಲ. ಕೆನಡಾದ ಪ್ರಸಿದ್ಧ ಮೌಂಟೆಡ್ ಪೊಲೀಸ್ ಪಡೆ ತನ್ನ ಚಳಿಗಾಲದ ತುಪ್ಪಳದ ಟೋಪಿಗೆ ಬದಲಾಗಿ ಉಣ್ಣೆಯ ಟೋಪಿ ತರಲು ಹೊರಟಾಗ, 2014ರಲ್ಲಿ ಅಲ್ಲಿನ ಸರ್ಕಾರವೇ ಮಧ್ಯೆ ಬಂದು ತಡೆಯಿತು. ತುಪ್ಪಳದ ವ್ಯಾಪಾರ ಅಲ್ಲಿ ಎಷ್ಟೋ ಜನರ ಹೊಟ್ಟೆಪಾಡು.

ವೆಲ್ಲೂರಿನ ಪಾಠ

ಸೈನಿಕನ ತಲೆಯುಡುಗೆ ಎಷ್ಟು ಸೂಕ್ಷ್ಮ ವಿಷಯ ಎಂಬುದನ್ನು ಬ್ರಿಟಿಷರಿಗೆ ಮೊದಲು ಕಲಿಸಿದ್ದು ದಕ್ಷಿಣ ಭಾರತ. ವಾಟರ್ಲೂಗೆ ಒಂಬತ್ತು ವರ್ಷ ಮೊದಲು ಮದ್ರಾಸ್ ಸೇನೆಯ ಸಿಪಾಯಿಗಳಿಗೆ ಹೊಸ ಮಾದರಿಯ ರುಮಾಲು ಕಡ್ಡಾಯವಾಯಿತು. ಅದರ ಮೇಲೆ ಚರ್ಮದ ತುರಾಯಿ. ಜೊತೆಗೆ ಹಣೆಯ ನಾಮ, ವಿಭೂತಿಗಳಿಗೂ ಗಡ್ಡಕ್ಕೂ ನಿರ್ಬಂಧ ಬಂತು. ಯಾವ ಪ್ರಾಣಿಯ ಚರ್ಮವೋ ಎಂಬ ಶಂಕೆ ಹಿಂದೂ, ಮುಸ್ಲಿಂ ಸಿಪಾಯಿಗಳಿಬ್ಬರನ್ನೂ ಕಾಡಿತು. ಪ್ರತಿಭಟಿಸಿದವರಿಗೆ ಛಡಿ ಏಟು ಬಿತ್ತು.

1806ರ ಜುಲೈ 10ರ ನಸುಕಿನಲ್ಲಿ ವೆಲ್ಲೂರು ಕೋಟೆಯ ಸಿಪಾಯಿಗಳು ದಂಗೆಯೆದ್ದರು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಇರಿಸಿದ್ದು ಅದೇ ಕೋಟೆಯಲ್ಲಿ. ಮೈಸೂರಿನ ಬಾವುಟ ಅಲ್ಲಿ ಕೆಲವು ಗಂಟೆ ಹಾರಿತು. ಆರ್ಕಾಟಿನಿಂದ ಧಾವಿಸಿದ ಕುದುರೆ ಪಡೆ ದಂಗೆಯನ್ನು ಅದೇ ದಿನ ಅಡಗಿಸಿತು. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರೂ ನೂರಾರು ಸಿಪಾಯಿಗಳೂ ಸತ್ತರು. ಟಿಪ್ಪುವಿನ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಗವರ್ನರ್ ಬೆಂಟಿಂಕ್ ಮತ್ತು ಸೇನಾಪತಿ ಕ್ರಾಡಕ್ ಇಬ್ಬರನ್ನೂ ವಾಪಸು ಕರೆಸಿಕೊಳ್ಳಲಾಯಿತು. ರುಮಾಲಿನ ಆಜ್ಞೆಯೂ ರದ್ದಾಯಿತು. ದಂಗೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಕಿಡಿ ಹೊತ್ತಿದ್ದು ತಲೆಯ ಮೇಲಿನ ಒಂದು ತುಂಡು ಚರ್ಮದಿಂದ.

ಎರಡು ಶತಮಾನಗಳ ನಂತರ ಅದೇ ಸೇನಾ ಪರಂಪರೆ ಇನ್ನೊಂದು ರುಮಾಲನ್ನು ಎದುರುಗೊಂಡಿತು. 2012ರ ಡಿಸೆಂಬರ್‌ನಲ್ಲಿ ಸ್ಕಾಟ್ಸ್ ಗಾರ್ಡ್ಸ್‌ನ ಒಬ್ಬ ಸಿಖ್ ಸೈನಿಕ ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಕರಡಿ ಚರ್ಮದ ಟೋಪಿಯ ಬದಲು ಪೇಟ ಧರಿಸಿ ಕಾವಲು ನಿಂತ. 2018ರ ಜೂನ್‌ನಲ್ಲಿ ರಾಣಿಯ ಜನ್ಮದಿನದ ಪೆರೇಡಿನಲ್ಲಿ ಕೋಲ್ಡ್‌ಸ್ಟ್ರೀಮ್ ಗಾರ್ಡ್ಸ್‌ನ ಇನ್ನೊಬ್ಬ ಸಿಖ್ ಸೈನಿಕ ಕಪ್ಪು ಪೇಟದಲ್ಲಿ ಹೆಜ್ಜೆ ಹಾಕಿದ. ಆಗ ಕೆಲವರು ಗೊಣಗಿದರು. ಆದರೆ ಕಾವಲು ನಡೆಯಿತು, ಪೆರೇಡೂ ನಡೆಯಿತು. ಒಬ್ಬ ಮನುಷ್ಯನ ನಂಬಿಕೆಗಾಗಿ ಟೋಪಿಯನ್ನೇ ಬಿಡಲು ಒಪ್ಪಿದ ಸೇನೆ, ಟೋಪಿಯ ಆಕಾರ ಹಾಗೇ ಇಟ್ಟು ಅದರ ತುಪ್ಪಳವನ್ನಷ್ಟೇ ಬದಲಿಸಲು ಹಿಂದೆಮುಂದೆ ನೋಡುತ್ತಿದೆ.

ಇದಕ್ಕೆ ಒಂದು ಸರಳ ಕಾರಣವಿದ್ದೀತು. ಸಿಪಾಯಿಗೆ ದಂಗೆ ಏಳಲು ಬರುತ್ತದೆ, ಸಿಖ್ ಸೈನಿಕನಿಗೆ ತನ್ನ ಹಕ್ಕು ಕೇಳಲು ಬರುತ್ತದೆ. ಕರಡಿಗೆ ಎರಡೂ ಬರುವುದಿಲ್ಲ. ಅದರ ಪರವಾಗಿ ಬೇರೆಯವರೇ ಮಾತಾಡಬೇಕು.

ಪರೀಕ್ಷೆಯಲ್ಲಿ ಗೆಲ್ಲುವ ಕೃತಕ ತುಪ್ಪಳ ಬಂದರೆ ಪರಿಶೀಲಿಸಲು ಸಿದ್ಧ ಎಂದು ಬ್ರಿಟನ್ನಿನ ರಕ್ಷಣಾ ಇಲಾಖೆ ಹೇಳಿದೆ. ಅಂದರೆ ಚರ್ಮವೇ ಪವಿತ್ರ ಎಂಬ ವಾದವನ್ನು ಅದು ಮಾಡುತ್ತಿಲ್ಲ. ಉಳಿದದ್ದು ಮಳೆಯಲ್ಲಿ ನೆನೆಯದ, ಒತ್ತಿದರೆ ಕುಗ್ಗದ ಬಟ್ಟೆಯ ಪ್ರಶ್ನೆ. ವಾಟರ್ಲೂನಲ್ಲಿ ಗೆದ್ದವರ ನೆನಪು ಕೋವಿ ಬದಲಾದರೂ, ಅಂಗಿ ಬದಲಾದರೂ, ತಲೆಯ ಮೇಲೆ ಪೇಟ ಬಂದರೂ ಉಳಿದಿದೆ. ತುಪ್ಪಳವೊಂದು ಬದಲಾದರೆ ಅದು ಅಳಿಸಿಹೋಗುತ್ತದೆ ಎನ್ನಲು ಆ ಟೋಪಿಯ ಇತಿಹಾಸದಲ್ಲೇ ಆಧಾರ ಕಾಣುವುದಿಲ್ಲ.